ಕಾಲು ಟ್ಯಾಂಕಿನ ಗಾಂಧಾರ

"ಶ್ರುತಿ ಸರಿ ಇಲ್ಲ ಸಾರ್," ಎಂದ ಗುರುವಯ್ಯ, ಹಾರ್ಮೋನಿಯಂ ಮೇಲಿಂದ ಕೈ ತೆಗೆದು.

ನನಗೆ ಮೈ ಉರಿಯಿತು. ಒಂದು ಸಾವು, ಲಾಕಪ್ಪಿನಲ್ಲಿ ಒಬ್ಬ ಮನುಷ್ಯ, ನಾಳೆ ಬೆಳಿಗ್ಗೆ ಹತ್ತಕ್ಕೆ ಕಸ್ಟಡಿ ಮುಗಿದು ಮತ್ತೆ ಕೋರ್ಟು. ಇವನಿಗೆ ಶ್ರುತಿಯ ಚಿಂತೆ.

"ಏನಾಗಿದೆ ಶ್ರುತಿಗೆ?"

"ಈ ಟೇಪ್‌ರೆಕಾರ್ಡರು ನಿಧಾನ ಓಡ್ತದೆ. ಎಲ್ಲಾ ಸ್ವರಾನೂ ಒಂದು ಎಳೆ ಕೆಳಗೆ ಕೂತಿದೆ. ಅವತ್ತು ರೆಕಾರ್ಡ್ ಮಾಡಿದ್ದು ಸುರೇಂದ್ರನ ಮಿಷನ್ನಲ್ಲಿ. ಅದ್ರಲ್ಲೇ ಕೇಳ್ಬೇಕು."

ಸುರೇಂದ್ರನ ಮಿಷನ್ನು ನನ್ನ ಜೀಪಿನಲ್ಲಿತ್ತು, ಗೋಣಿಚೀಲದಲ್ಲಿ, ಅರಗಿನ ಸೀಲಿನ ಸಮೇತ. ಜಪ್ತಿ ಮಾಡಿದ ಮಾಲಿನ ಸೀಲು ಒಡೆಯಬಾರದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹನ್ನೊಂದು ವರ್ಷ ಸಬ್‌ಇನ್ಸ್‌ಪೆಕ್ಟರ್ ಆಗಿ ತಿಂದ ಅನ್ನ ಅದು. ಎದ್ದು ಹೋಗಿ ಒಡೆದೇಬಿಟ್ಟೆ.

ಇದುವರೆಗಿನ ಕಥೆ ಇಷ್ಟೇ: ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಕಲ್ಲುಗುಡ್ಡೆ ಎಸ್ಟೇಟಿನ ಮೇಸ್ತ್ರಿ ಶಿವಯ್ಯ ಗುಡ್ಡದ ಮೇಲಿನ ನೀರಿನ ಟ್ಯಾಂಕಿನಲ್ಲಿ ಹೆಣವಾಗಿ ಸಿಕ್ಕಿದ್ದ, ಅವನ ಜೊತೆ ಕಡೆಗೆ ಕಂಡವನು ಕೊಟ್ಟಿಗೆಹಾರದ ರೇಡಿಯೋ ರಿಪೇರಿ ಸುರೇಂದ್ರ, ಅವನನ್ನು ಅದೇ ಸಂಜೆ ಒಳಗೆ ಹಾಕಿದವನು ನಾನು.

ಆಗ ಎಲ್ಲವೂ ಸಲೀಸಾಗಿ ಕಂಡಿತ್ತು. ಹತ್ತೂವರೆಗೆ ಇಬ್ಬರೂ ಟ್ಯಾಂಕಿನ ಹತ್ತಿರ ಜೋರುಜೋರಾಗಿ ಜಗಳವಾಡಿದ್ದನ್ನು ಸ್ಪ್ರಿಂಕ್ಲರ್ ಪೈಪು ಹೊರುತ್ತಿದ್ದ ನಾಲ್ಕು ಹೆಂಗಸರು ಕೇಳಿದ್ದರು. ಸುರೇಂದ್ರ ಒಬ್ಬನೇ ಇಳಿದು ಬಂದ. ಶಿವಯ್ಯನ ತಲೆಯ ಹಿಂಭಾಗ ಒಡೆದಿತ್ತು, ಶ್ವಾಸಕೋಶದಲ್ಲಿ ನೀರಿತ್ತು. ಸುರೇಂದ್ರನ ಚೀಲದಲ್ಲಿ ದಪ್ಪನೆಯ ಸ್ಪ್ಯಾನರ್ ಇತ್ತು. ಇನ್ನೇನು ಬೇಕು? ಸರ್ಕಲ್ ಇನ್ಸ್‌ಪೆಕ್ಟರು ಬೆನ್ನು ತಟ್ಟಿದ್ದರು.

ಮೂರು ದಿನದಿಂದ ನನಗೆ ನಿದ್ದೆ ಇಲ್ಲ. ಬೆನ್ನು ತಟ್ಟಿಸಿಕೊಂಡವನಿಗೆ ಬರಬೇಕಾದ ನಿದ್ದೆ ಯಾಕೆ ಬರುತ್ತಿಲ್ಲ ಎಂದು ಕೇಳಿಕೊಂಡರೆ ಉತ್ತರ ಒಂದೇ. ಸುರೇಂದ್ರ ಏಟಿಗೆ ಹೆದರಲಿಲ್ಲ, ಅಳಲಿಲ್ಲ, ಕಾಲು ಹಿಡಿಯಲಿಲ್ಲ. "ಆ ಕ್ಯಾಸೆಟ್ ಕೇಳಿ ಸಾರ್," ಎಂದು ಒಂದೇ ಸಮ ಹೇಳಿದ. ಪಂಪ್‌ಹೌಸಿನಿಂದ ಜಪ್ತಿ ಮಾಡಿದ ಆ ಕ್ಯಾಸೆಟ್ಟಿನ ಮೇಲೆ ಅವನ ಕೈಬರಹದಲ್ಲಿ 'ಸೋಮವಾರ 11-05' ಎಂದಿತ್ತು. ಒಳಗೆ ನಲವತ್ತೈದು ನಿಮಿಷ ಬರೀ ಸಿಳ್ಳೆ.

ಆ ಸಿಳ್ಳೆ ಏನು ಎಂದು ಅವನು ಲಾಕಪ್ಪಿನ ಸರಳಿನ ಹಿಂದೆ ಕೂತು ನನಗೆ ಪಾಠ ಹೇಳಿದ್ದ, ನನ್ನ ಕಾಫಿ ಆರಿಹೋಗುವವರೆಗೆ.

"ಟ್ಯಾಂಕಿಂದ ಕೆಳಗೆ ಪಂಪ್‌ಹೌಸಿಗೆ ಮುಕ್ಕಾಲು ಕಿಲೋಮೀಟರ್ ವೈರು ಸಾರ್. ನೀರಿನ ಮೇಲೆ ಒಂದು ಬುರುಡೆ ತೇಲ್ತದೆ. ಅದು ಮೇಲೆ ಹೋದಂಗೆ ವೋಲ್ಟೇಜ್ ಏರ್ತದೆ. ಮೊದಲು ಆ ವೋಲ್ಟೇಜನ್ನೇ ವೈರಲ್ಲಿ ಕಳಿಸ್ದೆ. ಮೇಲೆ ಐದು ವೋಲ್ಟ್ ಬಿಟ್ರೆ ಕೆಳಗೆ ಮೂರೂವರೆ. ಮಾರನೇ ದಿನ ಮಂಜು ಬಿದ್ರೆ ಮೂರು. ಜಾಯಿಂಟೆಲ್ಲ ತುಕ್ಕು. ಮೀಟರ್ ನೋಡಿ ಟ್ಯಾಂಕ್ ಖಾಲಿ ಅಂತ ಪಂಪ್ ಹಾಕಿದ್ರೆ, ಮೇಲೆ ತುಂಬಿ ಗುಡ್ಡವೆಲ್ಲ ನೀರು."

"ಆಮೇಲೆ?"

"ವೋಲ್ಟೇಜನ್ನ ಮೇಲೇ ಸ್ವರ ಮಾಡಿಬಿಟ್ಟೆ. ಎಂಟು ಕಾಲಿನ ಒಂದು ಐಸಿ ಇದೆ. ಒಂದು ಕೆಪಾಸಿಟರ್ ತುಂಬ್ತದೆ, ಖಾಲಿ ಆಗ್ತದೆ, ತುಂಬ್ತದೆ. ನಲ್ಲಿ ಜೋರು ಬಿಟ್ರೆ ಚೊಂಬು ಬೇಗ ತುಂಬಲ್ವಾ, ಹಂಗೆ. ವೋಲ್ಟೇಜ್ ಜಾಸ್ತಿ ಇದ್ರೆ ಸೆಕೆಂಡಿಗೆ ಜಾಸ್ತಿ ಸಲ ತುಂಬ್ತದೆ, ಸ್ವರ ಮೇಲೆ ಹೋಗ್ತದೆ. ಆ ಸ್ವರ ವೈರಲ್ಲಿ ಬರೋವಾಗ ಸಣ್ಣ ಆಗ್ಬಹುದು ಸಾರ್. ಆದ್ರೆ ಶ್ರುತಿ ಬದಲಾಗಲ್ಲ. ಸೆಕೆಂಡಿಗೆ ಮುನ್ನೂರು ಸಲ ಅಂದ್ರೆ ಕೆಳಗೂ ಮುನ್ನೂರೇ."

ಟ್ಯಾಂಕು ಖಾಲಿ ಇದ್ದರೂ ಅವನು ಒಂದು ಸ್ವರ ಇಟ್ಟಿದ್ದ. ಸಿಳ್ಳೆಯೇ ಇಲ್ಲದಿದ್ದರೆ ವೈರು ತುಂಡಾಗಿದೆ ಎಂದು ತಿಳಿಯಬೇಕಲ್ಲ. ಖಾಲಿಗೆ ಕೆಳಗಿನ ಸ, ತುಂಬಿದ್ದಕ್ಕೆ ಮೇಲಿನ ಸ. ಯಾಕೆಂದರೆ ಪಂಪ್ ಆಪರೇಟರ್ ಗುರುವಯ್ಯನಿಗೆ ಮೀಟರಿನ ಮುಳ್ಳು ಓದಲು ಬರುವುದಿಲ್ಲ, ಭಜನೆ ಬರುತ್ತದೆ. ಮೂವತ್ತು ವರ್ಷದಿಂದ ಭಜನಾ ಮಂಡಳಿಯ ಹಾರ್ಮೋನಿಯಂ ಅವನದು.

"ನಂಗೆ ಈ ಕ್ಯಾಸೆಟ್ ಓದೋಕೆ ಬರ್ತದೆ. ಆದ್ರೆ ಆರೋಪಿ ಮಾತು ಕೋರ್ಟಲ್ಲಿ ಯಾರು ಕೇಳ್ತಾರೆ? ಗುರುವಯ್ಯನ್ನ ಕೇಳಿ ಸಾರ್," ಎಂದಿದ್ದ ಸುರೇಂದ್ರ.

ಹಾಗಾಗಿ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಹಳ್ಳದ ದಂಡೆಯ ಪಂಪ್‌ಹೌಸಿನಲ್ಲಿ, ಗ್ರೀಸಿನ ವಾಸನೆಯ ನಡುವೆ ಒಂದು ಹಾರ್ಮೋನಿಯಂ, ಒಬ್ಬ ಅರವತ್ತರ ಮುದುಕ ಮತ್ತು ಕೂರಲೂ ನಿಲ್ಲಲೂ ಆಗದ ನಾನು.

ಸುರೇಂದ್ರನನ್ನೂ ಕರೆತಂದಿದ್ದೆ. ಯಾವ ಸ್ವರಕ್ಕೆ ಎಷ್ಟು ನೀರು ಎಂದು ಟ್ಯಾಂಕಿನ ಗೋಡೆಯ ಮೇಲೆ ಅವನೇ ಗುರುತು ತೋರಿಸಲಿ, ಪಂಚನಾಮೆಗೆ ಬೇಕಾಗುತ್ತದೆ ಎಂದು ಹೆಡ್ ಕಾನ್‌ಸ್ಟೇಬಲ್ ದೇವಯ್ಯನ ಜೊತೆ ಮೇಲೆ ಕಳಿಸಿದ್ದೆ. ಹೊರಡುವಾಗ ದೇವಯ್ಯ, "ಕೋಳ ಬೇಡ ಸಾರ್, ಗುಡ್ಡ ಹತ್ತಬೇಕು, ಕಲ್ಲುದಾರಿ," ಎಂದ. ಆರೋಪಿ ಕಾಡಿಗೆ ಓಡಿದರೆ ನನ್ನ ಟೋಪಿ ಹೋಗುತ್ತದೆ. ನಾನೇ ಕೋಳ ಹಾಕಿ ಕ್ಲಿಕ್ಕೆನ್ನಿಸಿದ್ದೆ.

ಬೆಳಿಗ್ಗೆ ಠಾಣೆಯ ಮೆಟ್ಟಿಲ ಮೇಲೆ ಸುರೇಂದ್ರನ ಹೆಂಡತಿ ಪ್ರೇಮಲತಾ ಕೂತಿದ್ದಳು. ಟ್ಯಾಂಕಿಗೆ ಕರೆದುಕೊಂಡು ಹೋಗುತ್ತೇವೆ ಎಂದಾಗ ಅವಳು ಕೇಳಿದ್ದು ಒಂದೇ. "ಹತ್ರ ಯಾರಾದ್ರೂ ಇರ್ಲಿ ಸಾರ್. ಅವ್ರಿಗೆ ನೀರು ಅಂದ್ರೆ ಆಗಲ್ಲ. ಆ ಬುರುಡೆ ಕೂರ್ಸೋವಾಗ್ಲೂ ಸೊಂಟಕ್ಕೆ ಹಗ್ಗ ಕಟ್ಕೊಂಡೇ ಹತ್ತಿದ್ದು." ಹೂಂ ಎಂದು ನಾನು ಜೀಪು ಹತ್ತಿದ್ದೆ.

ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಮರದ ಪೆಟ್ಟಿಗೆಯಿಂದ ಈಗಿನ ಸಿಳ್ಳೆ ಬರುತ್ತಿತ್ತು, ಒಂದೇ ಸಮನೆ, ತುಂಬಿದ ಟ್ಯಾಂಕಿನದು. ಇದ್ದಕ್ಕಿದ್ದಂತೆ ಅದು ಮೂರು ಸಲ ಹಾರಿತು. ಕೆಳಗೆ, ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೇಲೆ.

"ತಲುಪಿದ್ರು," ಎಂದ ಗುರುವಯ್ಯ. "ಬುರುಡೆ ಮೂರು ಸಲ ಒತ್ತಿದ್ದಾನೆ."

ನಾವು ಮಾತಾಡಿಕೊಂಡ ಗುರುತು ಅದೇ. ಟೇಪು ಕೇಳಲು ಅಡ್ಡಿಯಾಗದಿರಲಿ ಎಂದು ಪೆಟ್ಟಿಗೆಯ ತಿರುಪು ತಿರುಗಿಸಿ ಸದ್ದು ಅಡಗಿಸಿದೆ. ಸುರೇಂದ್ರನ ಮಿಷನ್ನಿಗೆ ಕ್ಯಾಸೆಟ್ ಹಾಕಿ ಬಟನ್ ಒತ್ತಿದೆ.

ಗುರುವಯ್ಯ ಕಣ್ಣು ಮುಚ್ಚಿ ತಿದಿ ಒತ್ತಿದ. ಸಿಳ್ಳೆ ಬಂತು. ಅವನ ಬೆರಳು ಒಂದೇ ಏಟಿಗೆ ಹೋಗಿ ಒಂದು ಮನೆಯ ಮೇಲೆ ಕೂತಿತು. ಸಿಳ್ಳೆ ಯಾವುದು ಹಾರ್ಮೋನಿಯಂ ಯಾವುದು ಎಂದು ನನಗೆ ತಿಳಿಯದಷ್ಟು ಎರಡೂ ಸೇರಿಕೊಂಡವು.

"ಮೇಲಿನ ಸ. ಟ್ಯಾಂಕ್ ತುಂಬಿದೆ."

ಕೈಗಡಿಯಾರ ನೋಡುತ್ತಾ ನಿಂತೆ. ಒಂದು ನಿಮಿಷ. ಮೂರು. ಐದು. ಕಿಟಕಿಗೆ ಹೋಗಿ ಬಂದೆ. ಅಂಗಳದಾಚೆ, ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಎಸ್ಟೇಟಿನ ರೈಟರ್ ತಿಮ್ಮಪ್ಪ ಕೂತು ಕೂಲಿಗಳ ಹಾಜರಿಯ ಚೆಕ್‌ರೋಲ್ ಬರೆಯುತ್ತಿದ್ದ. ನಾವು ಬಂದಾಗಿನಿಂದ ಅವನು ಒಂದು ಹಾಳೆಯನ್ನೂ ತಿರುಗಿಸಿದ್ದು ನಾನು ಕಾಣೆ.

"ಇಳೀತಾ ಇದೆ," ಎಂದ ಗುರುವಯ್ಯ.

ನನಗೂ ಕೇಳಿಸಿತು. ಸಿಳ್ಳೆ ಜಾರುತ್ತಿತ್ತು.

"ಇದು ನಿ." ಬೆರಳು ಸರಿಯಿತು. "ದ... ಈಗ ಪ. ಅರ್ಧ ಟ್ಯಾಂಕು."

"ಆರು ನಿಮಿಷದಲ್ಲಿ ಅರ್ಧ ಟ್ಯಾಂಕ್ ಖಾಲಿ ಆಗುತ್ತಾ? ಕೂಲಿ ಲೈನ್ ಮನೆಯವರು ಅಷ್ಟು ನೀರು ಹಿಡೀತಾರಾ?"

"ಇಲ್ಲ ಸಾರ್. ಇದು ಟ್ಯಾಂಕ್ ತೊಳೆಯೋ ವಾಲ್ವು. ನಾಲ್ಕಿಂಚು ಪೈಪು. ಅದ್ನ ಬಿಟ್ರೆ ಮಾತ್ರ ಹಿಂಗೆ ಬೀಳ್ತದೆ."

"ವಾಲ್ವ್ ಎಲ್ಲಿದೆ?"

"ಟ್ಯಾಂಕಿನ ಬುಡದಲ್ಲೇ."

ಶಿವಯ್ಯ ಬಿದ್ದದ್ದು ತುಂಬಿದ ಟ್ಯಾಂಕಿಗೆ ಎಂದು ನಾವೆಲ್ಲ ನಂಬಿಕೊಂಡಿದ್ದೆವು. ಒಂದು ಗಂಟೆಗೆ ಹೆಣ ತೆಗೆದಾಗ ಟ್ಯಾಂಕು ತುಂಬಿತ್ತು. ಹತ್ತು ಗಂಟೆಗೆ ಗುರುವಯ್ಯ ಪಂಪು ನಿಲ್ಲಿಸಿದಾಗಲೂ ತುಂಬಿತ್ತು. ನಡುವೆ ಅದು ಖಾಲಿಯಾಗಿರಬಹುದು ಎಂದು ಯಾವ ಬುದ್ಧಿವಂತನಿಗೂ ಹೊಳೆಯಲಿಲ್ಲ, ಬೆನ್ನು ತಟ್ಟಿಸಿಕೊಂಡ ಬುದ್ಧಿವಂತನಿಗಂತೂ ಇಲ್ಲವೇ ಇಲ್ಲ.

"ಮ," ಎಂದ ಗುರುವಯ್ಯ. ಧ್ವನಿ ಸಣ್ಣದಾಗಿತ್ತು. "ಗ."

ಸಿಳ್ಳೆ ಅಲ್ಲಿ ನಿಂತಿತು. ಕಾಲು ಟ್ಯಾಂಕು. ಆರಡಿ ಟ್ಯಾಂಕಿನಲ್ಲಿ ಒಂದೂವರೆ ಅಡಿ ನೀರು, ಮೊಣಕಾಲಿನವರೆಗೆ. ಯಾರೋ ವಾಲ್ವು ಮುಚ್ಚಿದ್ದರು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಸ್ವರ ನಡುಗಿತು. ಮೇಲೆ ಕೆಳಗೆ ಮೇಲೆ ಕೆಳಗೆ, ಎರಡೆರಡು ಸೆಕೆಂಡಿಗೊಮ್ಮೆ ಓಲಾಡಿ, ನಿಧಾನವಾಗಿ ಸಣ್ಣದಾಗಿ, ಮತ್ತೆ ಗಕ್ಕೆ ಬಂದು ನಿಂತಿತು.

ಅದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆರಡಿ ಗೋಡೆಯ ಮೇಲಿಂದ ಒಬ್ಬ ಮನುಷ್ಯ ಬಿದ್ದಿದ್ದ. ಮೊಣಕಾಲುದ್ದ ನೀರು ತಲೆಯನ್ನು ಕಾಯಲಿಲ್ಲ. ತಲೆ ಒಡೆದದ್ದು ಸ್ಪ್ಯಾನರಿನಿಂದಲ್ಲ, ಸಿಮೆಂಟಿನ ನೆಲದಿಂದ.

ಗಡಿಯಾರ ನೋಡಿದೆ. ಟೇಪು ಶುರುವಾಗಿ ಹದಿನೇಳು ನಿಮಿಷ. ಕ್ಯಾಸೆಟ್ಟಿನ ಮೇಲೆ ಬರೆದಿದ್ದು ನಿಜವಾದರೆ ಹನ್ನೊಂದು ಇಪ್ಪತ್ತೆರಡು. ಹನ್ನೊಂದು ಕಾಲಿಗೆ ಎಸ್ಟೇಟ್ ಗೇಟಿನಲ್ಲಿ ಸುರೇಂದ್ರ ಬಸ್ಸು ಹತ್ತಿದ್ದಕ್ಕೆ ಕಂಡಕ್ಟರು ಸಾಕ್ಷಿ ಹೇಳಿದ್ದ.

ನಿಜವಾದರೆ. ಕ್ಯಾಸೆಟ್ಟಿನ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಹನ್ನೊಂದೂ ಐದಕ್ಕೆ ಅವನು ಈ ಬಟನ್ ಒತ್ತಿದ್ದನ್ನು ಕಂಡವರು ಬೇಕಿತ್ತು.

ಟೇಪು ಓಡುತ್ತಲೇ ಇತ್ತು. ಇನ್ನೆರಡು ನಿಮಿಷಕ್ಕೆ ಸಿಳ್ಳೆ ಏರಲಾರಂಭಿಸಿತು. ನಾನು ಗುರುವಯ್ಯನ ಕಡೆ ತಿರುಗಿದೆ. ಅವನು ಹಾರ್ಮೋನಿಯಂನ ತಿದಿ ಮುಚ್ಚಿ ಕೊಂಡಿ ಹಾಕುತ್ತಿದ್ದ.

"ಯಾಕೆ ಮುಚ್ಚಿದೆ?"

"ಇನ್ನು ನಂಗೆ ತಿಳಿಯಲ್ಲ ಸಾರ್. ಕಿವಿ ಮಂದ ಆಯ್ತು."

"ಇಷ್ಟು ಹೊತ್ತು ಒಂದು ಎಳೆ ಕೆಳಗೆ ಕೂತಿದ್ದು ತಿಳೀತಿತ್ತು. ಈಗ ಮಂದ ಆಯ್ತಾ?"

ಅವನು ಕೊಂಡಿಯನ್ನು ಇನ್ನಷ್ಟು ಬಿಗಿ ಮಾಡಿದ.

"ಸ್ವರ ಏರ್ತಾ ಇದೆ ಗುರುವಯ್ಯ. ಏರಬೇಕಾದರೆ ನೀರು ಬರಬೇಕು. ನೀರು ಬರಬೇಕಾದರೆ ಈ ಪಂಪು ಓಡಬೇಕು." ಸ್ಟಾರ್ಟರಿನ ಕಬ್ಬಿಣದ ಡಬ್ಬಿಯ ಮೇಲೆ ಕೈಯಿಟ್ಟೆ. "ಹತ್ತು ಗಂಟೆಗೆ ಪಂಪ್ ನಿಲ್ಲಿಸಿ ಮನೆಗೆ ಹೋದೆ, ಒಂದು ಗಂಟೆಗೆ ಕೂಗು ಕೇಳಿ ಬಂದೆ ಅಂತ ನೀನು ಹೇಳಿಕೆ ಕೊಟ್ಟಿದ್ದೀಯ. ಹೆಬ್ಬೆಟ್ಟು ಹಾಕಿದ್ದೀಯ. ಹಾಗಾದರೆ ಈ ನೀರು ಬಿಟ್ಟದ್ದು ಯಾರು?"

"ಬೀಗದ ಕೈ ಆಫೀಸಲ್ಲೂ ಇದೆ ಸಾರ್. ಧಣಿ ಗೌಡ್ರ ಹತ್ರಾನೂ ಇದೆ."

"ಇರಲಿ. ಬಿಟ್ಟದ್ದು ಯಾರು?"

ಸಿಳ್ಳೆ ಏರುತ್ತಲೇ ಇತ್ತು. ನಾನು ಟೇಪು ನಿಲ್ಲಿಸಲಿಲ್ಲ. ಬೇಕೆಂದೇ ನಿಲ್ಲಿಸಲಿಲ್ಲ. ಹೊಡೆದು ಬಾಯಿ ಬಿಡಿಸುವುದು ನನಗೆ ಗೊತ್ತು, ಆ ಮುದುಕನನ್ನು ಅದಕ್ಕಿಂತ ಆ ಸಿಳ್ಳೆಯೇ ಜಾಸ್ತಿ ನೋಯಿಸುತ್ತಿತ್ತು. ಆವತ್ತಿನ ನನ್ನ ಕೆಲಸಗಳಲ್ಲಿ ನನಗೆ ನಾಚಿಕೆ ತರುವ ಮೊದಲನೆಯದು ಇದು.

ಒಂಬತ್ತು ನಿಮಿಷ ಹಾಗೆಯೇ ಕಳೆಯಿತು. ಅವನು ಗೋಡೆ ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ. ಆಗ ಏರುತ್ತಿದ್ದ ಸ್ವರ ಇನ್ನೊಮ್ಮೆ ಅಲುಗಿತು. ಮೊದಲಿನಷ್ಟು ಜೋರಾಗಿ ಅಲ್ಲ. ಎರಡು ಸಲ, ಆಮೇಲೆ ಇನ್ನೊಂದು ಸಲ. ನಂತರ ನೆಟ್ಟಗೆ ಏರಿತು.

ಗುರುವಯ್ಯ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ಅಲ್ಲಿ ಎಚ್ಚರ ಆಗಿದ್ದಾನೆ," ಎಂದ. "ಪ ಹತ್ರ. ಗೋಡೆಗೆ ಒರಗಿ ಕೂತಿದ್ದ ಅನ್ಸುತ್ತೆ ಸಾರ್. ಕೂತವನ ಮೂಗಿಗೆ ಬಂದಿದೆ ನೀರು. ಅವತ್ತೂ ನಂಗೆ ಕೇಳ್ತು. ಇದೇ ಸ್ಟೂಲ್ ಮೇಲೆ ಕೂತಿದ್ದೆ. ಮಂಗ ಬಿದ್ದಿರ್ಬೇಕು ಅಂದ್ಕೊಂಡೆ. ಬಿಸಿಲಿಗೆ ಮಂಗ ನೀರು ಕುಡಿಯೋಕೆ ಬರ್ತವೆ. ಬಿದ್ರೆ ಈಜಿ ಹತ್ಕೊಂಡು ಹೋಗ್ತವೆ ಅಂತ ಸುಮ್ನಾದೆ."

ನಾನು ಟೇಪು ನಿಲ್ಲಿಸಿದೆ.

"ಮನೆಗೆ ಹೋಗಿರ್ಲಿಲ್ಲ ಸಾರ್. ಇಲ್ಲೇ ಇದ್ದೆ. ಗಕ್ಕೆ ಬಂದ್ರೆ ಪಂಪ್ ಹಾಕು, ಮೇಲಿನ ಸಕ್ಕೆ ಬಂದ್ರೆ ನಿಲ್ಲಿಸು. ಅದೇ ನನ್ನ ಕೆಲಸ. ಮುಂಚೆ ಶಿವಯ್ಯನ ಅಳಿಯ ದಿನಕ್ಕೆ ಎರಡು ಸಲ ಗುಡ್ಡ ಹತ್ತಿ ಟ್ಯಾಂಕ್ ನೋಡಿ ಬರೋನು. ಈ ಸಿಳ್ಳೆ ಬಂದ್ಮೇಲೆ ಅವನನ್ನ ಬೇಡ ಅಂದ್ರು. ಅದಕ್ಕೇ ಶಿವಯ್ಯ ಸುರೇಂದ್ರನ ಮೇಲೆ ಕೂಗಾಡಿದ್ದು, ಮತ್ತೇನಿಲ್ಲ. ಈಗ ಯಾರೂ ಮೇಲೆ ಹತ್ತಲ್ಲ. ಸಿಳ್ಳೆ ಹೇಳಿದಂಗೆ ನಾನು ಸ್ವಿಚ್ ಹಾಕ್ತೀನಿ. ಅವತ್ತೂ ಹಾಕ್ದೆ."

"ಅಷ್ಟು ಬೇಗ ಇಳಿದದ್ದು ನೋಡಿ ಅನುಮಾನ ಬರಲಿಲ್ವಾ?"

"ಬಂತು. ತೊಳೆಯೋಕೆ ಬಿಟ್ಟಿರ್ತಾರೆ ಅಂದ್ಕೊಂಡೆ. ತೊಳೆಯೋವಾಗ ಕಾಲು ಭಾಗ ಇಟ್ಟೇ ಮುಚ್ತಾರೆ." ಅವನು ಕಿವಿಯ ಮೇಲಿನ ಕೈ ಇಳಿಸಿದ. "ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ಕೂತು ತಾಳ ಹಾಕ್ದೋನು ಸಾರ್ ಶಿವಯ್ಯ. ಒಂದು ದಿನ ತಪ್ಪಿಲ್ಲ. ಅವನ ಮೇಲೆ ನಾನೇ ನೀರು ತುಂಬಿಸ್ದೆ. ಒಂದು ಗಂಟೆಗೆ ಹೆಣ ತೆಗೆದಾಗ ನಂಗೆ ಗೊತ್ತಾಯ್ತು. ಬಾಯಿ ಬರ್ಲಿಲ್ಲ."

ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊರಗೆ ಹಳ್ಳ ಹರಿಯುವ ಸದ್ದು, ಎಲ್ಲೋ ಜೀಪಿನ ಸದ್ದು.

"ಸುರೇಂದ್ರ ಟೇಪು ಹಾಕಿದ್ದು ನೀವು ನೋಡಿದ್ರಾ?" ಎಂದು ಕೇಳಿದೆ. ಏಕವಚನ ಅಲ್ಲಿಗೆ ತಾನಾಗೇ ಬಿಟ್ಟುಹೋಗಿತ್ತು.

"ನೋಡಿದೆ. ಗುಡ್ಡ ಇಳಿದು ಬಂದ. ಶಿವಯ್ಯನ ಮೇಲೆ ಸಿಟ್ಟಿತ್ತು, ನೀರು ಕುಡ್ದ. ಸ್ವರ ತಾನಾಗಿ ಜಾರ್ತದಾ ಅಂತ ನೋಡ್ಬೇಕು, ಬಿಸಿಲಿಗೆ ಐಸಿ ಕಾದ್ರೆ ಜಾರ್ಬಹುದು ಅಂದ. ವೈರು ಸಿಕ್ಕಿಸಿ ಬಟನ್ ಒತ್ತಿ ಬಸ್ಸಿಗೆ ಓಡ್ದ. ಆಗ ಶಿವಯ್ಯ ಬದುಕಿದ್ದ ಸಾರ್. ಮೇಲಿಂದ ಅವನು ಒಬ್ಬನೇ ಕೂಗಾಡೋದು ಇನ್ನೂ ಕೇಳ್ತಿತ್ತು."

"ಇದನ್ನ ಕೋರ್ಟಲ್ಲಿ ಹೇಳ್ತೀರಾ?"

"ಹೇಳಿದ್ರೆ ಪಂಪ್ ಹಾಕಿದ್ದೂ ಹೇಳ್ಬೇಕಲ್ಲ."

"ಹೇಳಬೇಕು."

ಅವರು ಮಸಿ ಹತ್ತಿದ ಹೆಬ್ಬೆರಳಿನಿಂದ ಹಾರ್ಮೋನಿಯಂ ಮೇಲಿನ ಧೂಳು ಒರೆಸಿದರು.

"ಮೂರು ದಿನದಿಂದ ಆ ಹುಡುಗ ಒಳಗಿದ್ದಾನೆ, ಅವನ ಹೆಂಡ್ತಿ ನಮ್ಮ ಮನೆ ಬಾಗಿಲಿಗೂ ಬಂದಿದ್ಲು," ಎಂದರು. "ಹೇಳ್ತೀನಿ ಸಾರ್. ಬರ್ಕೊಳ್ಳಿ."

ಬರೆದುಕೊಂಡೆ. ನಾಳೆ ಹತ್ತು ಗಂಟೆಗೆ ಸುರೇಂದ್ರ ಹೊರಗೆ. ನಾನೇ ಜೀಪಿನಲ್ಲಿ ಕೊಟ್ಟಿಗೆಹಾರಕ್ಕೆ ಬಿಟ್ಟು ಬರುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ. ಪ್ರೇಮಲತಾಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಒಂದೆರಡು ಮಾತು ಜೋಡಿಸಿಕೊಂಡೆ ಕೂಡ.

ಇನ್ನೊಂದು ಪ್ರಶ್ನೆ ಉಳಿದಿತ್ತು. ನೂಕಿದವನು ಯಾರೋ, ಅವನು ಗುರುವಯ್ಯನ ಕಿವಿಯನ್ನು ಚೆನ್ನಾಗಿ ಬಲ್ಲವನು. ಗ ಸ್ವರದವರೆಗೆ ನೀರು ಇಳಿಸಿದರೆ ಸಾಕು, ಉಳಿದದ್ದನ್ನು ಈ ಮುದುಕರು ಮಾಡುತ್ತಾರೆ ಎಂದು ಲೆಕ್ಕ ಹಾಕಿದವನು. ನೋಡುವವರಿಗೆ ತುಂಬಿದ ಟ್ಯಾಂಕು, ತುಂಬಿದ ಟ್ಯಾಂಕಿನ ಹತ್ತಿರ ಜಗಳವಾಡಿದ ಸುರೇಂದ್ರ.

"ಗುರುವಯ್ಯ, ಗಕ್ಕೆ ಬಂದರೆ ಮೇಲೆ ಹೋಗಿ ನೋಡದೆ ಪಂಪ್ ಹಾಕು ಅಂತ ನಿಮಗೆ ಹೇಳಿದ್ದು ಯಾರು?"

"ರೈಟರ್ ತಿಮ್ಮಪ್ಪನೋರು ಹೇಳಿದ್ರು. ಗೌಡ್ರು ಪಕ್ಕದಲ್ಲೇ ನಿಂತಿದ್ರು. ಇಬ್ರಿಗೂ ಗೊತ್ತು."

ಗೌಡರು ಎಂದರೆ ಎಸ್ಟೇಟಿನ ಮಾಲೀಕ ರಂಗನಾಥ ಗೌಡ. ಇಬ್ಬರ ಮೇಲೂ ನನಗೆ ಕಣ್ಣಿತ್ತು. ಟ್ಯಾಂಕಿನ ಹಿಂದಿನ ಇಳಿಜಾರಿನಲ್ಲಿ, ಸರ್ಕಾರಿ ಕಾಡಿನ ಗಡಿಯಾಚೆ, ಹೊಸದಾಗಿ ಕಡಿದ ಎರಡು ಬೀಟೆ ಮರದ ಬುಡಗಳನ್ನು ಮಂಗಳವಾರ ದೇವಯ್ಯ ನೋಡಿ ಬಂದಿದ್ದ. ಟ್ಯಾಂಕಿನ ಹತ್ತಿರ ದಿನಾ ಓಡಾಡುತ್ತಿದ್ದ ಶಿವಯ್ಯನಿಗೆ ಅದು ಕಾಣದೇ ಇರಲು ಸಾಧ್ಯವಿರಲಿಲ್ಲ.

"ಶಿವಯ್ಯ ನಿಮಗೇನಾದರೂ ಹೇಳಿದ್ನಾ, ಮರದ ವಿಷಯ?"

ಗುರುವಯ್ಯ ಬಾಯಿ ತೆರೆದರು. ಅವರ ಕಣ್ಣು ನನ್ನ ಭುಜದ ಮೇಲಿಂದ ಗೋಡೆಯ ಪೆಟ್ಟಿಗೆಗೆ ಹೋಯಿತು. ಎದ್ದು ಹೋಗಿ, ಅಭ್ಯಾಸದಿಂದ, ನಾನು ಅಡಗಿಸಿದ್ದ ತಿರುಪನ್ನು ಮತ್ತೆ ತಿರುಗಿಸಿದರು. ತಮ್ಮ ಸಿಳ್ಳೆ ಕೇಳದೆ ಅವರಿಗೆ ಚಡಪಡಿಕೆಯಾಗಿತ್ತು ಎಂದು ಕಾಣುತ್ತದೆ.

"ಸಾರ್."

"ಏನು?"

"ಮೇಲಿನ ಸ ಇಲ್ಲ. ಇಳೀತಾ ಇದೆ."

"ಸುರೇಂದ್ರ ಬುರುಡೆ ಒತ್ತಿರಬೇಕು. ಗುರುತು ಮಾಡ್ತಾ ಇರ್ತಾನೆ."

"ಕೈಲಿ ಒತ್ತಿದ್ರೆ ಸ್ವರ ಹಾರ್ತದೆ ಸಾರ್, ಆಗ್ಲೇ ಕೇಳಿದ್ರಲ್ಲ. ಇದು ಹಾರ್ತಿಲ್ಲ. ಜಾರ್ತಿದೆ." ಅವರು ನನ್ನ ಕಡೆ ತಿರುಗಿದರು. "ಯಾರೋ ವಾಲ್ವ್ ಬಿಟ್ಟಿದ್ದಾರೆ."

ನಾನು ಕಿಟಕಿಗೆ ಹಾರಿದೆ. ತಿಮ್ಮಪ್ಪನೇ ಎಂದು ನನ್ನ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿತ್ತು.

ತಿಮ್ಮಪ್ಪ ಕಣದ ಕಟ್ಟೆಯ ಮೇಲೆ ಕೂತಲ್ಲೇ ಇದ್ದ. ಅವನ ಪಕ್ಕ ಜೀಪು ನಿಲ್ಲಿಸಿ, ಬಾನೆಟ್ಟಿಗೆ ಒರಗಿ, ಲೋಟದಲ್ಲಿ ಕಾಫಿ ಕುಡಿಯುತ್ತಾ ರಂಗನಾಥ ಗೌಡರು ನಿಂತಿದ್ದರು. ಇಬ್ಬರೂ ನನ್ನ ಕಣ್ಣೆದುರಿಗೇ ಇದ್ದರು. ನಾನು ನೋಡುತ್ತಿರುವುದನ್ನು ಕಂಡು ಗೌಡರು ಲೋಟ ಎತ್ತಿ, ಕಾಫಿ ಬೇಕಾ ಎಂದು ಸನ್ನೆ ಮಾಡಿದರು.

ಹಾಗಾದರೆ ಮೇಲೆ ಯಾರು?

"ನಿ ದಾಟ್ತು," ಎಂದರು ಗುರುವಯ್ಯ.

"ಏನೇ ಆಗಲಿ ಪಂಪ್ ಮುಟ್ಟಬೇಡಿ. ಗಕ್ಕೆ ಬರಲಿ, ಖಾಲಿ ಆಗಲಿ, ಮುಟ್ಟಬೇಡಿ."

"ಇಲ್ಲ ಸಾರ್." ಅವರು ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು.

ವಾಕಿಟಾಕಿ ತೆಗೆದು ದೇವಯ್ಯನನ್ನು ಕೂಗಿದೆ. ಬರೀ ಗೊರಗೊರ. ಇನ್ನೊಮ್ಮೆ ಕೂಗಿದೆ. ಗುಡ್ಡದ ಆ ಮಗ್ಗುಲಲ್ಲಿ ಅದು ಹಿಡಿಯುವುದಿಲ್ಲ ಎಂದು ಗೊತ್ತಿದ್ದೂ ಮೂರನೆಯ ಸಲ ಕೂಗಿದೆ. ಜೀಪಿನ ದಾರಿಯಲ್ಲಿ ಹನ್ನೆರಡು ನಿಮಿಷ, ಕಾಲುದಾರಿಯಲ್ಲಿ ಇಪ್ಪತ್ತು. ಬಾಗಿಲಿಗೆ ಓಡಿದೆ.

ಬಾಗಿಲ ಹೊರಗೆ ಒಂದು ಕಾಲಿಟ್ಟಿದ್ದೆ. ಹಿಂದೆ ಸ್ವರ ನಡುಗಿತು.

ಟೇಪಿನಲ್ಲಿ ಕೇಳಿದ್ದಕ್ಕಿಂತ ಜೋರಾಗಿ. ಮೇಲೆ ಕೆಳಗೆ, ಮೇಲೆ ಕೆಳಗೆ. ನಿಂತುಬಿಟ್ಟೆ. ಸಣ್ಣದಾಗುತ್ತದೆ, ಸೋಮವಾರದ ಹಾಗೆ ಓಲಾಡಿ ಓಲಾಡಿ ಸಣ್ಣದಾಗಿ ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಕ್ರಮವಿಲ್ಲದೆ, ಎತ್ತೆತ್ತಲೋ ಹಾರುತ್ತಾ, ಮತ್ತೆ ಮತ್ತೆ ನಡುಗುತ್ತಲೇ ಇತ್ತು.

"ಐದಡಿ ನೀರಿದೆ ಸಾರ್ ಇನ್ನೂ," ಎಂದರು ಗುರುವಯ್ಯ, ಪೆಟ್ಟಿಗೆಗೆ ಕಿವಿಯಿಟ್ಟು. "ಬಿದ್ದೋನಿಗೆ ಜೀವ ಇದೆ. ಕಾಲು ಬಡೀತಿದ್ದಾನೆ. ಬರೀ ಕಾಲು. ಕೈ ಆಡ್ತಿಲ್ಲ."

ನಾನು ಜೀಪಿನ ಕಡೆ ಓಡಿದೆ. ಓಡುವಾಗ ಪ್ಯಾಂಟಿನ ಜೇಬಿನಲ್ಲಿ ಏನೋ ತೊಡೆಗೆ ಚುಚ್ಚಿತು. ಕೋಳದ ಕೀಲಿ.